ಎಲ್ ಯಾರ ಕಡೆ

ದುಧನಿಯ ಕನ್ನಡ ಶಾಲೆಯಲ್ಲಿ ನನ್ನ ಹೆಸರು ಬಾಯಿ.
ಮರಾಠಿಯ ಬಾಯಿ, ಅಕ್ಕೋರು ಅನ್ನುವ ಅರ್ಥದ್ದು.
ಕರೆಯುವ ಮಕ್ಕಳು ಮಾತ್ರ ಕನ್ನಡದವರು,
ಹಾಗಾಗಿ ದಿನಕ್ಕೆ ಐವತ್ತು ಸಲ
ನಾನು ಬರೀ ಒಂದು ಬಾಯಿ.

ಮಂಗಳವಾರ, ಊಟದ ನಂತರದ ತಾಸು, ಎಂಟನೆಯ ವರ್ಗ.
ಪಾಠದ ಆರನೆಯ ಸಾಲಿನಲ್ಲಿ ಎಲ್ಲರೂ ನಿಂತುಬಿಟ್ಟರು,
ಹಳಿಯ ಮೇಲೆ ಎಮ್ಮೆ ಕಂಡ ಗೂಡ್ಸ್ ಗಾಡಿಯ ಹಾಗೆ.
ರೆಸ್ಪಾನ್ಸಿಬಿಲಿಟಿ.
ಹದಿನಾಲ್ಕು ಅಕ್ಷರ, ಬೋರ್ಡಿನ ಅರ್ಧ ಅಗಲ.

ಒಡೆಯೋಣ, ಅಂದೆ, ತೊಗರಿ ಒಡೆದಂತೆ.
ರೆ. ಸ್ಪಾನ್. ಸಿ. ಬಿಲ್. ಇ. ಟಿ.
ತಸ್ಲೀಮಾಳ ಮನೆಮಾತು ಸ್ಪಾ ಹತ್ತುವ ಮೊದಲು
ಒಂದು ಮೆಟ್ಟಿಲು ಇಟ್ಟುಕೊಂಡಿತು: ರೆ, ಇಸ್ಪಾನ್.
ಧಾನಪ್ಪ ಬಿರಾಜದಾರ ಕೈ ಎತ್ತಿದ:
"ನಡುವ ಬಿಲ್ ಅದರೀ ಬಾಯಿ. ಯಾರು ತುಂಬಬೇಕು?"
ನಕ್ಕರು. ನಾನೂ. ದನಿ ಏರಬೇಕಾದ್ದು ಅಲ್ಲೇ,
ಲೈಟ್ ಬಿಲ್ಲು ಬಂದ ದಿನ ಅಪ್ಪನ ದನಿ ಏರುತ್ತದಲ್ಲ,
ಹಾಗೆ, ಎಂದು ಡೆಸ್ಕು ಕುಟ್ಟಿ ತೋರಿಸಿದೆ.

ಭೌರಮ್ಮ ನಗಲಿಲ್ಲ.
ಅವಳ ಮನೆಯ ಬಿಲ್ಲು ಮರಾಠಿಯಲ್ಲಿ ಬರುತ್ತದೆ,
ಬಾವಿಯ ಪಂಪಿನದು ಕನ್ನಡದಲ್ಲಿ.
"ಎಲ್ ಯಾಕ ಹಿಂದಿನದಕ್ಕ ಕೊಟ್ರಿ?
ನಾ ಅಂದ್ರ ಅದು ಮುಂದಿನದಕ್ಕ ಹೋಗ್ತದ. ಬಿ, ಲಿ."

ಅಂದು ನೋಡಿದೆ. ಹೋಗುತ್ತದೆ.
ನಮ್ಮ ಲಿಪಿಯ ಜಾಯಮಾನವೇ ಹಾಗೆ,
ಪಕ್ಕದಲ್ಲಿ ಇ ಸುಳಿದರೆ ಸಾಕು
ಲ್ ಗುಡಿಸು ತೊಟ್ಟು ಅದರ ಸಂಸಾರ ಸೇರುತ್ತದೆ.

ಆಫೀಸಿನ ಕಪಾಟಿನಿಂದ ದಪ್ಪ ನಿಘಂಟು ತಂದೆ,
ಇಲಿ ಬೆನ್ನು ತಿಂದದ್ದು.
ಅದರಲ್ಲಿ ಒಂದೇ ಸಾಲಿನೊಳಗೆ ಎರಡು ತೀರ್ಪು:
ಕಪ್ಪು ಅಕ್ಷರದ ನಡುವಿನ ಚುಕ್ಕಿಗಳು
ಎಲ್ ಅನ್ನು ಎಡಕ್ಕೆ ಬಿಡುತ್ತವೆ,
ಮಗ್ಗುಲಿಗೆ ಕೊಟ್ಟ ಉಚ್ಚಾರ, ಬಲಕ್ಕೆ.
ಹದಿನೆಂಟು ವರ್ಷದ ನೌಕರಿಯಲ್ಲಿ
ಮೊದಲ ಸಲ ಮುನ್ನುಡಿ ಓದಿದೆ.
ಚುಕ್ಕಿಗಳು ನಾಲಗೆಗಲ್ಲವಂತೆ.
ಸಾಲು ತುಂಬಿದಾಗ ಅಚ್ಚಿನವನು
ಎಲ್ಲಿ ಮುರಿದರೆ ತಪ್ಪಿಲ್ಲ ಅನ್ನುವ ಗುರುತಂತೆ.
ಹಾಳೆಯ ಅನುಕೂಲ.

ಮಲಕಾರಿ ಮಾಸ್ತರರಿಗೆ ಹೇಳಿದೆ. ಅವರು ಹಳಗನ್ನಡದವರು,
ಸೀಮೆಸುಣ್ಣ ತಗೊಂಡು ಮೇಜಿನ ಮೇಲೇ ಪ್ರಸ್ತಾರ ಹಾಕಿದರು:
ಮುಂದೆ ಒತ್ತಕ್ಷರ, ರೆ ಗುರು. ಸ್ಪಾ ಗುರು.
ಉಳಿದ ನಾಲ್ಕೂ ಲಘು.
"ನಾಕು ಮಾತ್ರೆಯ ಎರಡು ಗಣ! ಕಂದದಾಗ ಕೂಡ್ತದ ನೋಡ್ರಿ!"
ಆ ಸಂತೋಷದಲ್ಲಿ ಚಹಾ ಆರಿತು.
ಆದರೆ ಸರ್, ಅವರು ಭಾರ ಹಾಕೋದು ಬಿ ಮೇಲೆ,
ನಮ್ಮ ಲಘುವಿನ ಮೇಲೆ,
ಎಳೆಗರುವಿನ ಬೆನ್ನಿಗೆ ಜೋಳದ ಚೀಲ ಹೇರಿದಂಗ.
ಕನ್ನಡಕ ಒರೆಸಿಕೊಂಡರು.
"ಹೊರತದ ಬಿಡ್ರಿ," ಅಂದರು. "ರೂಢಿ ಆಗತದ."

ಶುಕ್ರವಾರ ಕೇಂದ್ರಪ್ರಮುಖ ಘೋಡ್ಕೆ ಸಾಹೇಬರು ಬಂದರು.
ಬೋರ್ಡಿನ ಮೇಲೆ ಪದ ಇನ್ನೂ ಇತ್ತು,
ಎಲ್ ಸುತ್ತ ಯಾರೋ ಒಂದು ಸೊನ್ನೆ ಹಾಕಿದ್ದರು.
ಅರ್ಥ ಕೇಳಿದರು.
ಜಬಾಬದಾರಿ, ಅಂದ ಧಾನಪ್ಪ, ಅವರ ಮುಖ ನೋಡಿ.
ಜವಾಬ್ದಾರಿ, ಅಂದಳು ಭೌರಮ್ಮ, ನನ್ನ ಮುಖ ನೋಡಿ.
ಎರಡೂ ಒಂದೇ. ನಡುವೆ ಇರುವ ದೂರ
ಮುಚ್ಚಿದ ತುಟಿ ಒಂದಿಷ್ಟು ಸಡಿಲಾಗುವಷ್ಟು.
ಸಾಹೇಬರು ಇಬ್ಬರಿಗೂ ಶಾಬ್ಬಾಸ್ ಅಂದು
ಶೌಚಾಲಯದ ಫೋಟೋ ತೆಗೆಯಲು ಹೋದರು.

ರಾತ್ರಿ ವಹಿಗಳ ರಾಶಿ.
ಭೌರಮ್ಮನ ಸಾಲು ತುಂಬಿ ಬಂದಿದೆ,
ಕೆಂಪು ಗೆರೆಗೆ ಇನ್ನೆರಡು ಬೆರಳು, ಅಲ್ಲಿ ಈ ಪದ ಬಿದ್ದಿದೆ.
ಬಿಲ್ ಆದ ಮೇಲೆ ಅಡ್ಡಗೆರೆ ಎಳೆದು ಮುರಿಯಬಹುದು,
ನಾನೇ ಕಲಿಸಿದ್ದೆ.
ಅವಳು ಮುರಿದಿಲ್ಲ.
ಅಕ್ಷರ ಸಣ್ಣ ಮಾಡುತ್ತ, ಒತ್ತುತ್ತ,
ಗೆರೆ ದಾಟಿ, ಅಂಚಿನುದ್ದಕ್ಕೆ ಮೇಲೆ ಹತ್ತಿಸಿದ್ದಾಳೆ.
ಕೊನೆಯ ವೈ ಹಾಳೆಯ ತುದಿಯಲ್ಲಿ
ಕಾಲು ಇಳಿಬಿಟ್ಟು ಕೂತಿದೆ.

ಕೆಂಪು ಪೆನ್ನು ಹಿಡಿದು ಒಂದು ಸಲ ಜೋರಾಗಿ ಓದಿದೆ.
ಒಳಗಿನಿಂದ ಅತ್ತೆ ಕೇಳಿದರು, ಯಾರ ಜೋಡಿ ಮಾತಾಡ್ತಿ?